ಸೈಲೇನ್ ಬಿಡುವ ಮೊದಲು

ಸೈಲೇನ್ ಹೊತ್ತಿಕೊಳ್ಳಲು ಕಿಡಿ ಬೇಕಿಲ್ಲ, ಗಾಳಿ ತಾಕಿದರೆ ಸಾಕು. ಸಿಲಿಕಾನ್ ಮತ್ತು ಹೈಡ್ರೋಜನ್ ಸೇರಿ ಆದ ಈ ಅನಿಲ ಚಿಪ್ ಮತ್ತು ಸೌರಕೋಶಗಳ ತಯಾರಿಕೆಯಲ್ಲಿ ತೆಳುಪದರ ಕೂರಿಸಲು ಬೇಕಾಗುತ್ತದೆ. ಸೋರಿದ ಕೂಡಲೇ ಅದು ಉರಿದರೆ ಒಂದು ಲೆಕ್ಕಕ್ಕೆ ಒಳ್ಳೆಯದೇ. ಜ್ವಾಲೆ ಕಾಣಿಸುತ್ತದೆ, ಅನಿಲ ಒಂದೆಡೆ ಶೇಖರವಾಗುವುದಿಲ್ಲ. ಕೆಲವೊಮ್ಮೆ ಅದು ಉರಿಯುವುದಿಲ್ಲ. ಹೆಚ್ಚು ಒತ್ತಡದಲ್ಲಿ ವೇಗವಾಗಿ ಚಿಮ್ಮಿ, ಗಾಳಿಯೊಡನೆ ಸದ್ದಿಲ್ಲದೆ ಬೆರೆಯುತ್ತಾ ಹೋಗಿ, ಯಾರೋ ವಾಲ್ವ್ ಮುಚ್ಚಿ ಹರಿವು ನಿಂತ ಗಳಿಗೆಯಲ್ಲಿ ಒಮ್ಮೆಲೇ ಸ್ಫೋಟಿಸುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ 1.4ರಷ್ಟಾದರೆ ಅಪಾಯದ ಗೆರೆ ದಾಟಿದಂತೆ. ಮನುಷ್ಯ ಎಂಟು ಗಂಟೆ ಉಸಿರಾಡಬಹುದಾದ ಮಿತಿಯಂತೂ ಹತ್ತು ಲಕ್ಷಕ್ಕೆ ಐದು ಭಾಗ.

ಬೆಂಗಳೂರಿನ ಒಂದು ಸಂಶೋಧನಾಲಯದ, ಧೂಳು ಸುಳಿಯದಂತೆ ಕಟ್ಟಿದ ಕ್ಲೀನ್‌ರೂಮಿಗೆ ಅನಿಲ ಪೂರೈಸುವ ವ್ಯವಸ್ಥೆಯನ್ನು ನೋಡಿಕೊಳ್ಳುವುದು ನನ್ನ ಕೆಲಸ. ಸಿಲಿಕಾನ್ ನೈಟ್ರೈಡ್ ಪದರ ಕೂರಿಸುವ ಹೊಸ ಯಂತ್ರ ಬಂದಾಗ ಅದಕ್ಕೆ ಸೈಲೇನ್ ಕೊಡುವ ಹೊಸ ಗ್ಯಾಸ್ ಕ್ಯಾಬಿನೆಟ್ಟನ್ನು ಚಾಲನೆಗೆ ತರುವ ಹೊಣೆ ನಮ್ಮ ತಂಡದ ಮೇಲೆ ಬಿತ್ತು. ಚಾಲನೆ ಎಂದರೆ ಸಿಲಿಂಡರಿನ ವಾಲ್ವ್ ತಿರುಗಿಸಿ ಅನಿಲ ಬಿಡುವುದು ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಅನಿಲ ಬಿಡುವುದು ಕೊನೆಯ ದಿನದ ಕೆಲವು ನಿಮಿಷಗಳ ಕೆಲಸ. ಅದಕ್ಕೆ ಮುಂಚಿನ ವಾರಗಳೆಲ್ಲ ಒಂದೇ ಪ್ರಶ್ನೆಗೆ ಮೀಸಲು: ಮುಚ್ಚಬೇಕಾದಾಗ ಇದು ಮುಚ್ಚುತ್ತದೆಯೇ?

ಕ್ಯಾಬಿನೆಟ್ ಎಂದರೆ ಆಳೆತ್ತರದ, ಎರಡೂವರೆ ಮಿಲಿಮೀಟರ್ ದಪ್ಪದ ಉಕ್ಕಿನ ಬೀರು. ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಬಾಗಿಲಿನಲ್ಲಿ ಕೈ ಹಾಕುವಷ್ಟು ಕಿಟಕಿ, ತಲೆಯ ಮೇಲೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್, ಜ್ವಾಲೆ ಗುರುತಿಸುವ ಸೆನ್ಸರ್, ಮತ್ತು ಒಳಗಿನ ಗಾಳಿಯನ್ನು ಸದಾ ಎಳೆದು ಹೊರಹಾಕುವ ಎಕ್ಸಾಸ್ಟ್ ಕೊಳವೆ. ಒಳಗೆ ಎರಡು ಸಿಲಿಂಡರುಗಳಿಗೆ ಜಾಗ: ಒಂದು ಸೈಲೇನಿಗೆ, ಇನ್ನೊಂದು ಕೊಳವೆಗಳನ್ನು ತೊಳೆಯುವ ಸಾರಜನಕಕ್ಕೆ. ಹಿಂಬದಿಯ ಪ್ಯಾನೆಲ್‌ನಲ್ಲಿ ಒತ್ತಡ ಇಳಿಸುವ ರೆಗ್ಯುಲೇಟರ್, ಒತ್ತಡ ತೋರಿಸುವ ಸೆನ್ಸರುಗಳು, ಗಾಳಿಯ ಒತ್ತಡದಿಂದ ತೆರೆದು ಸ್ಪ್ರಿಂಗಿನಿಂದ ಮುಚ್ಚುವ ವಾಲ್ವುಗಳು. ಈ ಸ್ಪ್ರಿಂಗಿನ ಮೇಲೆ ನನಗೆ ವಿಶೇಷ ಗೌರವವಿದೆ. ವಿದ್ಯುತ್ ಹೋದರೂ, ಗಾಳಿಯ ಒತ್ತಡ ಹೋದರೂ, ನಿಯಂತ್ರಕ ಕೆಟ್ಟು ನಿಂತರೂ ಅದು ತನ್ನ ಬಲದಿಂದಲೇ ವಾಲ್ವನ್ನು ಮುಚ್ಚುತ್ತದೆ.

ನಮ್ಮ ಕ್ಯಾಬಿನೆಟ್ ನಿಂತಿರುವುದು ಕಟ್ಟಡದ ಹೊರಗೆ, ಮೇಲೆ ಚಾವಣಿ, ಸುತ್ತ ಜಾಲರಿ ಇರುವ ಅಂಕಣದಲ್ಲಿ. ಅಲ್ಲಿಂದ ಯಂತ್ರದವರೆಗೆ ಹೋಗುವುದು ಒಂದರೊಳಗೊಂದು ಸೇರಿಸಿದ ಜೋಡಿ ಕೊಳವೆ. ಒಳಗಿನದರಲ್ಲಿ ಅನಿಲ, ಹೊರಗಿನದು ಕಾವಲಿಗೆ. ಮೊದಲ ಪರೀಕ್ಷೆ ಈ ಕೊಳವೆಗೆ ಸಾರಜನಕ ತುಂಬಿ, ಒತ್ತಡ ಇಳಿಯುತ್ತದೆಯೇ ಎಂದು ಒಂದು ಹಗಲು ಒಂದು ರಾತ್ರಿ ಕಾಯುವುದು. ಸಂಜೆ ತುಂಬಿದ 10 ಬಾರ್ ಬೆಳಗಿನ ಹೊತ್ತಿಗೆ 9.8ಕ್ಕೆ ಇಳಿದಿತ್ತು. ಅಳವಡಿಸಿದ ಕಂಪನಿಯವರ ಮುಖ ಬಾಡಿತು. ಕೊಳವೆಯ ಒಂದು ಭಾಗ ಬಿಸಿಲು ಬೀಳುವ ಗೋಡೆಯ ಮೇಲೆ ಹಾದುಹೋಗುತ್ತದೆ. ಸಂಜೆ ಕಾದಿದ್ದ ಕೊಳವೆ ಮುಂಜಾವಿಗೆ ಆರು ಡಿಗ್ರಿ ತಣ್ಣಗಾದರೆ ಸೋರಿಕೆ ಇಲ್ಲದೆಯೂ ಒತ್ತಡ ಅಷ್ಟು ಇಳಿಯುತ್ತದೆ. ಅದಕ್ಕೇ ಪ್ರತಿ ಅಳತೆಯ ಪಕ್ಕದಲ್ಲಿ ತಾಪಮಾನವನ್ನೂ ಬರೆಯುವುದು ಪದ್ಧತಿ. ಮತ್ತೆ ಸಂಜೆಯಾಗುವವರೆಗೆ ಕಾದು ನೋಡಿದಾಗ ಮುಳ್ಳು ಹತ್ತಕ್ಕೇ ಬಂದು ನಿಂತಿತು.

ಒತ್ತಡ ನಿಂತಿತೆಂದರೆ ದೊಡ್ಡ ಸೋರಿಕೆ ಇಲ್ಲವೆಂದಷ್ಟೇ ಅರ್ಥ. ಕೂದಲೆಳೆಯ ಸೋರಿಕೆ ಹುಡುಕಲು ಹೀಲಿಯಂ ಬೇಕು. ಕೊಳವೆಯೊಳಗೆ ನಿರ್ವಾತ ಮಾಡಿ, ಪ್ರತಿ ಜೋಡಣೆಯ ಸುತ್ತ ಸಣ್ಣಗೆ ಹೀಲಿಯಂ ಊದಿ, ಒಂದು ಪರಮಾಣುವಾದರೂ ಒಳಗೆ ನುಸುಳಿತೇ ಎಂದು ಯಂತ್ರವನ್ನು ಕೇಳುವ ಕೆಲಸ. ಮೇಲಿನ ಜೋಡಣೆಯಿಂದಲೇ ಶುರು ಮಾಡಬೇಕು, ಏಕೆಂದರೆ ಹೀಲಿಯಂ ಮೇಲಕ್ಕೇರುತ್ತದೆ. ಕೆಳಗಿನಿಂದ ಆರಂಭಿಸಿದರೆ ಯಾವ ಜೋಡಣೆ ಸೋರಿತೆಂದು ಗೊತ್ತಾಗುವುದಿಲ್ಲ. ಈ ಕೆಲಸದಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ಹಾಗೆ ನಡೆಯದಿರುವುದೇ ನಮಗೆ ಬೇಕಾಗಿತ್ತು.

ಆಮೇಲೆ ಇಂಟರ್‌ಲಾಕ್, ಅಂದರೆ ಅಪಾಯ ಕಂಡರೆ ಅನಿಲವನ್ನು ತಾನಾಗಿ ನಿಲ್ಲಿಸುವ ಏರ್ಪಾಡಿನ ಪರೀಕ್ಷೆ. ಸೋರಿಕೆ, ಬೆಂಕಿ, ಗಾಳಿ ಎಳೆತದ ಕೊರತೆ, ಮಿತಿ ಮೀರಿದ ಹರಿವು, ವಿದ್ಯುತ್ ಕಡಿತ, ತುರ್ತು ಗುಂಡಿ. ಇವುಗಳಲ್ಲಿ ಯಾವುದು ಘಟಿಸಿದರೆ ಯಾವ ವಾಲ್ವ್ ಮುಚ್ಚಬೇಕು, ಯಾವ ಗಂಟೆ ಬಾರಿಸಬೇಕು ಎಂಬ ದೊಡ್ಡ ಕೋಷ್ಟಕ ನಮ್ಮ ಕೈಯಲ್ಲಿತ್ತು. ಅಳವಡಿಸಿದ ಕಂಪನಿಯವರು ತಾವು ಎಲ್ಲವನ್ನೂ ಪರೀಕ್ಷಿಸಿರುವುದಾಗಿ ಸಹಿ ಮಾಡಿದ ವರದಿ ಕೊಟ್ಟಿದ್ದರು. ಎಲ್ಲ ಸಾಲುಗಳ ಮುಂದೆಯೂ ಸರಿ ಗುರುತು ಇತ್ತು. ನಮ್ಮ ಸುರಕ್ಷತಾ ಅಧಿಕಾರಿ ಮೇಡಂ ಆ ವರದಿಯನ್ನು ಕಡತಕ್ಕೆ ಸೇರಿಸಿ, "ಈಗ ನಮ್ಮ ಕಣ್ಣೆದುರಿಗೆ ಒಮ್ಮೆ ಮಾಡಿ ತೋರಿಸಿ" ಎಂದರು.

ಕೊಳವೆಯಲ್ಲಿ ಸಾರಜನಕ ಹರಿಯುತ್ತಿತ್ತು. ಸೈಲೇನ್ ಸೆನ್ಸರಿಗೆ ಪರೀಕ್ಷಾ ಅನಿಲ ಹಿಡಿದೆವು; ಮೊದಲ ಹಂತಕ್ಕೆ ದೀಪ, ಎರಡನೆಯ ಹಂತಕ್ಕೆ ಸೈರನ್, ವಾಲ್ವುಗಳು ಟಕ್ಕೆಂದು ಮುಚ್ಚಿದವು. ಪರದೆಯ ಮೇಲೆ ಮುಚ್ಚಿದೆ ಎಂದು ಬಂದರೆ ನಮಗೆ ಸಾಲದು. ಯಂತ್ರದ ಕಡೆಯ ಒತ್ತಡ ಸೊನ್ನೆಗೆ ಇಳಿಯಬೇಕು, ಸಿಲಿಂಡರ್ ಕಡೆಯದು ಅಲುಗದೆ ನಿಲ್ಲಬೇಕು. ಎರಡೂ ಆದ ಮೇಲೆ ಪಟ್ಟಿಯಲ್ಲಿ ಸಹಿ. ಜ್ವಾಲೆಯ ಸೆನ್ಸರಿಗೆ ಪರೀಕ್ಷಾ ದೀಪ ಹಿಡಿದಾಗಲೂ ಹಾಗೆಯೇ ಆಯಿತು.

ಎಕ್ಸಾಸ್ಟ್ ಸರದಿ ಬಂತು. ಕ್ಯಾಬಿನೆಟ್ಟಿನ ಕಿಟಕಿ ತೆರೆದಾಗ ಅದರ ಮೂಲಕ ಗಾಳಿ ಸೆಕೆಂಡಿಗೆ ಸರಾಸರಿ ಒಂದು ಮೀಟರ್ ವೇಗದಲ್ಲಿ ಒಳಗೆ ಹೋಗಬೇಕು. ಸೋರಿಕೆಯಾದರೆ ಅದನ್ನು ತೆಳುವಾಗಿಸಿ ಒಯ್ಯುವುದು ಈ ಗಾಳಿಯೇ. ಗಾಳಿ ಕಡಿಮೆಯಾದರೆ ಅನಿಲ ನಿಲ್ಲಬೇಕು. ನಾನು ಕಿಟಕಿಯ ಬಳಿ ಗಾಳಿಯ ವೇಗ ಅಳೆಯುವ ಪುಟ್ಟ ಫ್ಯಾನ್ ಹಿಡಿದು ನಿಂತೆ. ಸಹೋದ್ಯೋಗಿ ಮೇಲೇರಿ, ಎಕ್ಸಾಸ್ಟ್ ಕೊಳವೆಯೊಳಗೆ ಗಾಳಿಯನ್ನು ತಡೆಯುವ ತಟ್ಟೆಯಾದ ಡ್ಯಾಂಪರನ್ನು ನಿಧಾನವಾಗಿ ತಿರುಗಿಸಿದರು. ವೇಗ ಅರ್ಧಕ್ಕೆ ಇಳಿಯಿತು, ಕಾಲುಭಾಗಕ್ಕೆ ಇಳಿಯಿತು, ಕೊನೆಗೆ ಫ್ಯಾನಿನ ರೆಕ್ಕೆ ನಿಂತೇಹೋಯಿತು. ಕ್ಯಾಬಿನೆಟ್ಟಿನ ಪರದೆಯ ಮೇಲೆ ಎಕ್ಸಾಸ್ಟ್ ಸರಿಯಿದೆ ಎಂಬ ಹಸಿರು ಅಕ್ಷರ ಮಾತ್ರ ಹಾಗೆಯೇ ಉಳಿದಿತ್ತು. ಸಾರಜನಕ ಹರಿಯುತ್ತಲೇ ಇತ್ತು.

ಕಂಪನಿಯ ಯುವ ಎಂಜಿನಿಯರ್, ಗಾಳಿಯ ಎಳೆತವನ್ನು ಗುರುತಿಸುವ ಸ್ವಿಚ್ ಕೆಟ್ಟಿರಬೇಕು ಎಂದರು. ಸ್ವಿಚ್ಚಿನ ತಂತಿ ಬಂದು ಸೇರುವ ಪೆಟ್ಟಿಗೆ ಕ್ಯಾಬಿನೆಟ್ಟಿನ ನೆತ್ತಿಯ ಮೇಲಿತ್ತು. ನಾಲ್ಕು ತಿರುಪು ಬಿಚ್ಚಿ ಮುಚ್ಚಳ ತೆಗೆದರೆ, ಅಕ್ಕಪಕ್ಕದ ಎರಡು ಟರ್ಮಿನಲ್‌ಗಳ ನಡುವೆ ಹೆಬ್ಬೆರಳುದ್ದದ ಕೆಂಪು ತಂತಿಯೊಂದು ಕಮಾನಿನಂತೆ ಬಾಗಿ ಕೂತಿತ್ತು. ಎರಡೂ ತುದಿಗಳ ಹೊದಿಕೆಯನ್ನು ಹಲ್ಲಿನಿಂದಲೋ ಬ್ಲೇಡಿನಿಂದಲೋ ಸುಲಿದಂತಿತ್ತು, ಅಂಚು ಒರಟೊರಟು. ಅದು ಜಂಪರ್. ಗಾಳಿ ಇರಲಿ ಬಿಡಲಿ, ನಿಯಂತ್ರಕಕ್ಕೆ ಗಾಳಿ ಇದೆ ಎಂದೇ ಹೇಳುವ ತಂತಿ.

ಅದು ಅಲ್ಲಿಗೆ ಬಂದ ಕಾರಣವನ್ನು ಊಹಿಸುವುದು ಕಷ್ಟವಿರಲಿಲ್ಲ. ಕ್ಯಾಬಿನೆಟ್ ನಿಲ್ಲಿಸುವ ಹೊತ್ತಿಗೆ ಎಕ್ಸಾಸ್ಟ್ ಕೊಳವೆ ಇನ್ನೂ ಜೋಡಣೆಯಾಗಿರಲಿಲ್ಲ. ಗಾಳಿ ಇಲ್ಲದೆ ನಿಯಂತ್ರಕ ಒಂದು ವಾಲ್ವನ್ನೂ ತೆರೆಯಗೊಡುವುದಿಲ್ಲ. ವಾಲ್ವ್ ತೆರೆಯದೆ ಅವರ ಕೆಲಸ ಮುಂದಕ್ಕೆ ಹೋಗುವುದಿಲ್ಲ. ಯಾರೋ ತಂತಿ ಹಾಕಿ ಕೆಲಸ ಮುಗಿಸಿದ್ದಾರೆ, ತೆಗೆಯುವ ಹೊತ್ತಿಗೆ ಆ ಜಾಗದಲ್ಲಿ ಬೇರೆಯವರಿದ್ದಾರೆ. ಕಾರಣ ಅರ್ಥವಾಗುತ್ತದೆ. ನನಗೆ ಸಿಟ್ಟು ಬಂದದ್ದು ವರದಿಯ ಸರಿ ಗುರುತಿನ ಮೇಲೆ. ಆ ಪರೀಕ್ಷೆಯನ್ನು ನಿಜವಾಗಿ ಮಾಡಿದ್ದರೆ ಅದು ಸರಿಯಾಗಿ ಬರಲು ಸಾಧ್ಯವೇ ಇರಲಿಲ್ಲ.

ವಿಭಾಗದ ಮುಖ್ಯಸ್ಥರಿಗೆ ಯಂತ್ರ ಬೇಗ ಬೇಕಿತ್ತು. ವಿದ್ಯಾರ್ಥಿಗಳು ತಿಂಗಳುಗಳಿಂದ ಕಾಯುತ್ತಿದ್ದರು. "ತಂತಿ ಸಿಕ್ಕಿತಲ್ಲ, ತೆಗೆದು ಆ ಒಂದು ಪರೀಕ್ಷೆ ಮಾಡಿಬಿಟ್ಟರೆ ಸಾಲದೇ?" ಎಂದು ಅವರು ಕೇಳಿದರು. ಮೇಡಂ ಧ್ವನಿ ಏರಿಸಲಿಲ್ಲ. "ಸರ್, ಆ ಒಂದು ಗುರುತು ಸುಳ್ಳು ಎಂದು ಗೊತ್ತಾದ ಮೇಲೆ ಅದೇ ಹಾಳೆಯ ಉಳಿದ ಗುರುತುಗಳನ್ನು ನಾನು ಹೇಗೆ ನಂಬಲಿ? ಎಲ್ಲ ಪೆಟ್ಟಿಗೆಗಳನ್ನೂ ತೆರೆದು ನೋಡೋಣ, ಮೊದಲಿನಿಂದ ಮಾಡೋಣ" ಎಂದರು. ಮುಖ್ಯಸ್ಥರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿದರು. ಅಧಿಕಾರದಲ್ಲಿ ತಮಗಿಂತ ಕೆಳಗಿನವರು ಬೇಡ ಎಂದಾಗ ಒಪ್ಪಿಕೊಳ್ಳುವ ಹಿರಿಯರು ಇಂಥ ಜಾಗದಲ್ಲಿ ಇರಲೇಬೇಕು. 2018ರ ಡಿಸೆಂಬರ್‌ನಲ್ಲಿ ಇದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯವೊಂದರಲ್ಲಿ ಸ್ಫೋಟವಾಗಿ ಒಬ್ಬ ಯುವ ಸಂಶೋಧಕರು ತೀರಿಕೊಂಡರು, ಮೂವರು ಗಾಯಗೊಂಡರು. ಅನಿಲದ ಸಿಲಿಂಡರುಗಳ ನಡುವೆ ಕೆಲಸ ಮಾಡುವ ಬೆಂಗಳೂರಿನ ಯಾರೂ ಆ ದಿನವನ್ನು ಮರೆತಿಲ್ಲ.

ಮರುಪರೀಕ್ಷೆಯಲ್ಲಿ ಬೇರೆ ಜಂಪರ್ ಸಿಗಲಿಲ್ಲ. ಸಿಕ್ಕಿದ್ದು ಬೇರೊಂದು ಸಂಗತಿ. ಮುಖ್ಯ ವಿದ್ಯುತ್ ತೆಗೆದಾಗ ಎಕ್ಸಾಸ್ಟ್ ಫ್ಯಾನ್ ನಿಂತು, ಜನರೇಟರ್ ಶುರುವಾಗಿ ಫ್ಯಾನ್ ಮತ್ತೆ ವೇಗ ಹಿಡಿಯಲು ಕೆಲವು ಸೆಕೆಂಡು ಬೇಕಾಗುತ್ತಿತ್ತು. ಜಂಪರ್ ತೆಗೆದ ಮೇಲೆ ಇಂಟರ್‌ಲಾಕ್ ಅದನ್ನು ಸರಿಯಾಗಿಯೇ ಹಿಡಿದು ಅನಿಲ ನಿಲ್ಲಿಸುತ್ತಿತ್ತು. ಮಳೆಗಾಲದ ಬೆಂಗಳೂರಿನಲ್ಲಿ ಕರೆಂಟ್ ಹೋಗುವುದು ಹೊಸದಲ್ಲ. ಹೋದಾಗಲೆಲ್ಲ ಯಂತ್ರದೊಳಗಿನ ವೇಫರ್, ಅಂದರೆ ಪದರ ಕೂರಿಸುತ್ತಿರುವ ಸಿಲಿಕಾನ್ ಬಿಲ್ಲೆ, ಹಾಳಾಗುತ್ತದೆ. ಅರ್ಧ ನಿಮಿಷ ತಡೆದು ಆಮೇಲೆ ಮುಚ್ಚುವಂತೆ ಮಾಡಬಾರದೇ ಎಂಬ ಸಲಹೆ ಬಂತು. ನಾನು ಒಪ್ಪಲಿಲ್ಲ. ಗಾಳಿ ಇಲ್ಲದ ಅರ್ಧ ನಿಮಿಷದಲ್ಲಿ ಸೈಲೇನ್ ಏನು ಮಾಡಬಲ್ಲದು ಎಂದು ಲೆಕ್ಕ ಹಾಕುವುದಕ್ಕಿಂತ ಒಂದು ವೇಫರ್ ಕಳೆದುಕೊಳ್ಳುವುದು ಅಗ್ಗ. ಈಗಲೂ ಕರೆಂಟ್ ಹೋದರೆ ಅನಿಲ ನಿಲ್ಲುತ್ತದೆ, ಒಬ್ಬರು ಅಂಕಣಕ್ಕೆ ಹೋಗಿ ಎಲ್ಲವನ್ನೂ ನೋಡಿ ಕೈಯಿಂದಲೇ ಮತ್ತೆ ಚಾಲೂ ಮಾಡಬೇಕು.

ಸಿಲಿಂಡರ್ ತರಿಸುವ ಮುನ್ನ ರಾತ್ರಿ ಪಾಳಿಯ ಕಾವಲುಗಾರರನ್ನೂ ಅಂಕಣಕ್ಕೆ ಕರೆದೊಯ್ದು ತೋರಿಸಿದೆವು. ನಡುರಾತ್ರಿ ಸೈರನ್ ಕೂಗಿದರೆ ಮೊದಲು ಓಡಿಬರುವವರು ಅವರೇ. ಹತ್ತಿರ ಹೋಗಬೇಡಿ, ಬೆಂಕಿ ಆರಿಸಲು ಯತ್ನಿಸಬೇಡಿ, ಗುಂಡಿ ಒತ್ತಿ ಕರೆ ಮಾಡಿ ಎಂದು ಹೇಳಿಕೊಟ್ಟೆವು. ಸೈಲೇನ್ ಬೆಂಕಿಯನ್ನು ಆರಿಸಿ ಸೋರಿಕೆಯನ್ನು ಹಾಗೆಯೇ ಬಿಟ್ಟರೆ ಉರಿಯದ ಅನಿಲ ಶೇಖರವಾಗುತ್ತದೆ. ಉರಿಯುತ್ತಿರುವ ಸೈಲೇನಿಗಿಂತ ಅದು ಕೆಟ್ಟದ್ದು. ಅನಿಲದ ಮೂಲವನ್ನು ಮುಚ್ಚುವುದೇ ದಾರಿ. ಅವರಲ್ಲಿ ಹಿರಿಯರೊಬ್ಬರು, "ಸರ್, ಬೆಂಕಿ ಬಿದ್ದಿರುವುದು ಈ ಬೀರುವಿಗೇ ಆದರೆ ಗುಂಡಿ ಒತ್ತಲು ಇದರ ಪಕ್ಕಕ್ಕೇ ಬರಬೇಕಲ್ಲ?" ಎಂದು ಕೇಳಿದರು. ಕಟ್ಟಡದ ಬಾಗಿಲ ಬಳಿ ಇನ್ನೊಂದು ಗುಂಡಿ ಇತ್ತು, ಅವರ ಕೊಠಡಿಯಲ್ಲಿ ಇರಲಿಲ್ಲ. ಅಲ್ಲಿಗೂ ಒಂದು ಹಾಕಿಸಿ, ಪರೀಕ್ಷೆ ಮಾಡಿ, ಒತ್ತುವುದನ್ನು ಅವರ ಕೈಯಿಂದಲೇ ಮಾಡಿಸಿದ ಮೇಲೆಯೇ ಸಿಲಿಂಡರಿಗೆ ಬೇಡಿಕೆ ಕಳುಹಿಸಿದ್ದು.

ಸಿಲಿಂಡರ್ ಬಂದ ದಿನ ಮೊದಲು ಕಾಗದಗಳನ್ನು ನೋಡಿದೆವು. ಅನಿಲದ ಶುದ್ಧತೆ, ತುಂಬಿದ ತೂಕ, ಸಿಲಿಂಡರಿನ ಪರೀಕ್ಷಾ ದಿನಾಂಕ, 2016ರ ಗ್ಯಾಸ್ ಸಿಲಿಂಡರ್ ನಿಯಮಗಳಂತೆ ಇರಬೇಕಾದ ಪತ್ರಗಳು. ಮೇಡಂ ಬೆರಳಿಟ್ಟು ಓದಿದ್ದು ಒಂದು ಸಾಲನ್ನು: ವಾಲ್ವಿನ ಬಾಯಿಯಲ್ಲಿ ಹರಿವು ತಡೆಯುವ ರಂಧ್ರ ಅಳವಡಿಸಲಾಗಿದೆ. ಇದರ ಅಳತೆ ಸುಮಾರು ಕಾಲು ಮಿಲಿಮೀಟರ್. ಮುಂದಿನ ಕೊಳವೆ ಪೂರ್ತಿ ಮುರಿದುಬಿದ್ದರೂ ಸಿಲಿಂಡರಿನಿಂದ ಹೊರಡುವ ಅನಿಲ ಈ ಸೂಜಿಮೊನೆಯ ದಾರಿಯಲ್ಲೇ ಬರಬೇಕು. ಕ್ಯಾಬಿನೆಟ್ಟಿನ ಗಾಳಿ ಅಷ್ಟನ್ನು ತೆಳುವಾಗಿಸಬಲ್ಲದು. ಎಕ್ಸಾಸ್ಟಿನ ಲೆಕ್ಕವೆಲ್ಲ ನಿಂತಿರುವುದು ಈ ರಂಧ್ರದ ಮೇಲೆ, ರಂಧ್ರದ ಲೆಕ್ಕ ನಿಂತಿರುವುದು ಎಕ್ಸಾಸ್ಟಿನ ಮೇಲೆ. ಜಂಪರ್ ಇದ್ದಿದ್ದರೆ ಎರಡೂ ಒಟ್ಟಿಗೆ ಬೀಳುತ್ತಿದ್ದವು.

ಸಿಲಿಂಡರನ್ನು ಕ್ಯಾಬಿನೆಟ್ಟಿನಲ್ಲಿ ನಿಲ್ಲಿಸಿ ಮೇಲೊಂದು ಕೆಳಗೊಂದು ಪಟ್ಟಿ ಬಿಗಿದೆವು. ಇಬ್ಬರಿಲ್ಲದೆ ಇಲ್ಲಿ ಯಾರೂ ಕೈ ಹಾಕುವುದಿಲ್ಲ: ಒಬ್ಬರು ಮಾಡುವುದು, ಇನ್ನೊಬ್ಬರು ಸೂಚನೆ ಓದಿ, ಆದದ್ದನ್ನು ನೋಡಿ, ಗುರುತು ಹಾಕುವುದು. ಬೆಂಕಿ ತಡೆಯುವ ಅಂಗಿ, ಚರ್ಮದ ಕೈಗವಸು, ಮುಖಕ್ಕೆ ಗುರಾಣಿ. ವಾಲ್ವಿನ ಬಾಯಿಯ ಮುಚ್ಚಳ ಬಿಚ್ಚುವಾಗ ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕು. ವಾಲ್ವ್ ಒಳಗೊಳಗೇ ಕೊಂಚ ಸೋರಿದ್ದರೆ ಆ ಮುಚ್ಚಳದ ಹಿಂದೆ ಅನಿಲ ಕೂತಿರುತ್ತದೆ, ಬಿಚ್ಚಿದೊಡನೆ ಪಟ್ಟೆಂದು ಹೊತ್ತಿಕೊಳ್ಳುತ್ತದೆ. ನಮ್ಮದರಲ್ಲಿ ಏನೂ ಇರಲಿಲ್ಲ, ಸೆನ್ಸರಿನ ಅಂಕಿ ಸೊನ್ನೆಯಲ್ಲೇ ಇತ್ತು. ಟಾರ್ಚ್ ಹಿಡಿದು ಒಳಗೆ ನೋಡಿದಾಗ ಹೊಳೆಯುವ ಲೋಹದ ನಟ್ಟನಡುವೆ ಆ ರಂಧ್ರ ಕಪ್ಪು ಚುಕ್ಕೆಯಾಗಿ ಕಂಡಿತು. ಕಾಗದದ ಮಾತು ನಿಜವಾಗಿತ್ತು.

ಜೋಡಣೆಗೆ ನಿಕ್ಕಲ್ ಗ್ಯಾಸ್ಕೆಟ್. ಉಗುರಿನಷ್ಟು ಅಗಲದ ಉಂಗುರ, ಒಂದು ಸಲ ಒತ್ತಿದರೆ ಮುಗಿಯಿತು. ಬಿಚ್ಚಿದರೆ ಎಸೆದು ಹೊಸದು ಹಾಕಬೇಕು. ಅದರ ಮುಖದ ಮೇಲೆ ಗೀರು ಇದೆಯೇ ಎಂದು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಕೂರಿಸಿ, ಮೊದಲು ಕೈಯಿಂದ ತಿರುಗಿಸಿ, ಆಮೇಲೆ ಬಿಗಿತ ಅಳೆಯುವ ಟಾರ್ಕ್ ಸ್ಪ್ಯಾನರ್‌ನಿಂದ ಕಟ್ ಎನ್ನುವವರೆಗೆ ಬಿಗಿದೆ. ಸಹೋದ್ಯೋಗಿ ಅಂಕಿಯನ್ನು ಗಟ್ಟಿಯಾಗಿ ಓದಿ ಬರೆದುಕೊಂಡರು.

ಈಗ ಸಿಲಿಂಡರಿನಿಂದ ಪ್ಯಾನೆಲ್‌ವರೆಗಿನ ತುಂಡು ಕೊಳವೆಯಲ್ಲಿ ಗಾಳಿ ಇದೆ. ಆ ಗಾಳಿ ಮತ್ತು ಅದರ ತೇವ ಪೂರ್ತಿ ಹೋಗದೆ ಸೈಲೇನ್ ಬಿಟ್ಟರೆ ಒಳಗೆ ಮರಳಿನಂಥ ನುಣುಪು ಪುಡಿ ಹುಟ್ಟಿ ರೆಗ್ಯುಲೇಟರನ್ನೂ ವಾಲ್ವಿನ ಸೀಟನ್ನೂ ಕೆಡಿಸುತ್ತದೆ. ಸೀಟಿನಲ್ಲಿ ಪುಡಿ ಕೂತರೆ ಮುಚ್ಚುವ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಆದ್ದರಿಂದ ಪರ್ಜ್: ಸಾರಜನಕ ತುಂಬುವುದು, ನಿರ್ವಾತಕ್ಕೆ ಎಳೆಯುವುದು, ಮತ್ತೆ ತುಂಬುವುದು, ಮತ್ತೆ ಎಳೆಯುವುದು. ಮಜ್ಜಿಗೆಯ ಪಾತ್ರೆಗೆ ಒಂದೇ ಸಲ ಒಂದು ಕೊಡ ನೀರು ಸುರಿಯುವುದಕ್ಕಿಂತ ಸ್ವಲ್ಪ ಸ್ವಲ್ಪ ಹಾಕಿ ಹಲವು ಸಲ ಚೆಲ್ಲಿದರೆ ಬೇಗ ತಿಳಿಯಾಗುವ ಲೆಕ್ಕವೇ ಇದು. 6 ಬಾರ್‌ಗೆ ತುಂಬಿ 0.3ಕ್ಕೆ ಎಳೆದರೆ ಪ್ರತಿ ಸುತ್ತಿಗೂ ಉಳಿದದ್ದು ಇಪ್ಪತ್ತನೆಯ ಒಂದು ಭಾಗ. ಐದು ಸುತ್ತಿಗೆ ಮೂವತ್ತೆರಡು ಲಕ್ಷದಲ್ಲಿ ಒಂದು. ಕೊಳವೆಯ ಮೂಲೆಗಳು ಮತ್ತು ಗೋಡೆಗೆ ಅಂಟಿದ ತೇವ ಈ ಲೆಕ್ಕಕ್ಕೆ ಬಗ್ಗುವುದಿಲ್ಲವಾದ್ದರಿಂದ ಯಂತ್ರ ಇನ್ನೂ ಹಲವು ಪಟ್ಟು ಸುತ್ತುಗಳನ್ನು ಮಾಡುತ್ತದೆ. ನಾವು ಅದನ್ನು ಕಡಿಮೆ ಮಾಡಲಿಲ್ಲ.

ಈ ಸಾರಜನಕಕ್ಕೆ ಪ್ರತ್ಯೇಕ ಸಿಲಿಂಡರ್ ಏಕೆ, ಕಟ್ಟಡದಲ್ಲಿ ಸಾರಜನಕದ ದೊಡ್ಡ ಕೊಳವೆ ಇದೆಯಲ್ಲ ಎಂದು ಹೊಸಬರೆಲ್ಲ ಕೇಳುತ್ತಾರೆ. ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್ ಒಂದು ದಿನ ಸೋತರೆ ಸೈಲೇನ್ ಆ ದೊಡ್ಡ ಕೊಳವೆಯ ಮೂಲಕ ಕಟ್ಟಡದ ಎಲ್ಲ ಕೋಣೆಗಳಿಗೂ ಹೋಗುತ್ತದೆ. ಒಂದೇ ಸಾರಜನಕವನ್ನು ಬೇರೆ ಅನಿಲದ ಕ್ಯಾಬಿನೆಟ್ಟಿನೊಡನೆ ಹಂಚಿಕೊಂಡರೆ ಆ ಅನಿಲ ಇತ್ತ ಬರುತ್ತದೆ. 1988ರ ಮಾರ್ಚ್‌ನಲ್ಲಿ ಅಮೆರಿಕದ ನ್ಯೂಜೆರ್ಸಿಯ ಬರ್ಕ್ಲಿ ಹೈಟ್ಸ್‌ನಲ್ಲಿ ಸೈಲೇನ್ ಸಿಲಿಂಡರ್ ಸ್ಫೋಟಿಸಿ ಮೂವರು ಸತ್ತರು. ಸಿಲಿಂಡರಿನೊಳಗೆ ನೈಟ್ರಸ್ ಆಕ್ಸೈಡ್ ಸೇರಿಕೊಂಡಿತ್ತು. ಉರಿಯುವ ಅನಿಲವೂ ಉರಿಸುವ ಅನಿಲವೂ ಒಂದೇ ಉಕ್ಕಿನ ಗೋಡೆಯೊಳಗೆ. ನಮ್ಮ ಅಂಕಣದಲ್ಲಿ ನೈಟ್ರಸ್ ಆಕ್ಸೈಡಿನ ಕ್ಯಾಬಿನೆಟ್ ಬೇರೆ ಗೋಡೆಯ ಆಚೆಗಿದೆ, ಅದರ ಸಾರಜನಕವೂ ಬೇರೆ.

ಪರ್ಜ್ ಮುಗಿದು, ಜೋಡಣೆಗೆ ಹೀಲಿಯಂ ಪರೀಕ್ಷೆ ಮುಗಿದು, ಬಾಗಿಲು ಮುಚ್ಚಿ, ಎಲ್ಲರೂ ಅಂಕಣದ ಹೊರಗೆ ಬಂದೆವು. ಸಿಲಿಂಡರಿನ ವಾಲ್ವ್ ಗಾಳಿಯ ಒತ್ತಡದಿಂದ ತೆರೆಯುವಂಥದ್ದು, ಗುಂಡಿ ದೂರದಲ್ಲಿದೆ. ಮೊದಲು ತೆರೆದು ತಕ್ಷಣ ಮುಚ್ಚಬೇಕು. ತುಂಡು ಕೊಳವೆಯಲ್ಲಿ ಸಿಕ್ಕಿಕೊಂಡ ಆ ಹಿಡಿಯಷ್ಟು ಅನಿಲದ ಒತ್ತಡ ಇಳಿಯುತ್ತದೆಯೇ ಎಂದು ಕಾಯಬೇಕು. ಸೋರಿಕೆ ಇದ್ದರೆ ಹೊರಬರುವುದು ಅಷ್ಟೇ, ಇಡೀ ಸಿಲಿಂಡರ್ ಅಲ್ಲ. ಸೊನ್ನೆಯ ಕೆಳಗಿದ್ದ ಅಂಕಿ ಒಮ್ಮೆಲೇ ಜಿಗಿದು ನಿಂತಿತು. ಯುವ ಎಂಜಿನಿಯರ್ ಕೈಗಡಿಯಾರ ನೋಡುತ್ತಿದ್ದರು, ಮೇಡಂ ಸೆನ್ಸರಿನ ಪರದೆಯಿಂದ ಕಣ್ಣು ತೆಗೆಯಲಿಲ್ಲ, ನಾನು ಒತ್ತಡದ ಕೊನೆಯ ಅಂಕಿಯನ್ನೇ ನೋಡುತ್ತಿದ್ದೆ. ನಿಗದಿತ ಸಮಯ ಕಳೆದರೂ ಅದು ಬದಲಾಗಲಿಲ್ಲ.

ಆಮೇಲಿನದು ಬೇಗ ಆಯಿತು. ವಾಲ್ವ್ ಮತ್ತೆ ತೆರೆದು, ರೆಗ್ಯುಲೇಟರಿನಿಂದ ಒತ್ತಡ ಇಳಿಸಿ, ಕೊಳವೆಯನ್ನು ಒಂದೊಂದು ಭಾಗವಾಗಿ ತುಂಬುತ್ತಾ ಹೋದೆವು. ಪ್ರತಿ ಭಾಗ ತುಂಬಿದ ಮೇಲೂ ನಿಂತು ನೋಡಿದೆವು. ಯಂತ್ರದಿಂದ ಹೊರಬರುವ ಅನಿಲವನ್ನು ಸುಟ್ಟು ತೊಳೆಯುವ ಸ್ಕ್ರಬ್ಬರ್ ಸಿದ್ಧವಿದೆ ಎಂಬ ಸಂಕೇತ ಬಂದ ಮೇಲೆ ಕೊನೆಯ ವಾಲ್ವ್. ಸಂಜೆಯ ಹೊತ್ತಿಗೆ ಮೊದಲ ವೇಫರಿನ ಮೇಲೆ ನೈಟ್ರೈಡ್ ಪದರ ಕೂತು ನೀಲಿ ಬಣ್ಣ ತಾಳಿತ್ತು.

ಹೊರಡುವ ಮುನ್ನ ಯುವ ಎಂಜಿನಿಯರ್ ನಮ್ಮ ಪರೀಕ್ಷಾ ಪಟ್ಟಿಯ ಪ್ರತಿ ಕೊಡಬಹುದೇ ಎಂದು ಕೇಳಿದರು. ಅವರ ಕಂಪನಿ ಬೇರೆ ಕಡೆಗಳಲ್ಲೂ ಇದೇ ಮಾದರಿಯ ಕ್ಯಾಬಿನೆಟ್ಟುಗಳನ್ನು ಅಳವಡಿಸಿದೆ, ಕೆಲವು ಆಗಲೇ ಚಾಲನೆಯಲ್ಲಿವೆ. "ಸರ್, ನಾನು ಮೊದಲು ಅವುಗಳ ಮೇಲಿನ ಪೆಟ್ಟಿಗೆ ತೆರೆದು ನೋಡಬೇಕು" ಎಂದರು. ಮೇಡಂ ಪಟ್ಟಿಯ ಜೊತೆಗೆ ಜಂಪರಿನ ಫೋಟೋವನ್ನೂ ಅವರ ಮೊಬೈಲಿಗೆ ಕಳುಹಿಸಿ, ಚಾಲನೆಯಲ್ಲಿರುವ ಆ ಎಲ್ಲ ಜಾಗಗಳಿಗೂ ಅಂದೇ ಸಂಜೆ ಪತ್ರ ಹೋಗಬೇಕೆಂದು ಅವರ ಮೇಲಧಿಕಾರಿಗೆ ಫೋನ್ ಹಚ್ಚಿದರು.